ಸರ್ವಾನುಮತ

ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ಮಲ್ಲೇಶಪ್ಪನಿಗೆ ಎಡಗೆನ್ನೆಯ ಒಳಗೆ ಚುರ್ ಎಂದಿತು. ನಿನ್ನೆ ನರಗುಂದದಲ್ಲಿ ಹಾಕಿಕೊಂಡ ಎಲೆಯಡಿಕೆಗೆ ಸುಣ್ಣ ಹೆಚ್ಚಾಗಿತ್ತು. ನಾಲಗೆಯ ತುದಿಯಿಂದ ಮುಟ್ಟಿ ನೋಡಿದ. ಜೋಳದ ಕಾಳಿನಷ್ಟು ಜಾಗ ಸುಟ್ಟು ಸಿಪ್ಪೆ ಎದ್ದಿತ್ತು. ಸುಡಲಿ, ಇನ್ನಷ್ಟು ಸುಡಬೇಕಿತ್ತು ಅಂದುಕೊಂಡ. ಅಂದುಕೊಂಡ ಮರುಗಳಿಗೆಯೇ ನಾಚಿಕೆಯಾಯಿತು. ಕೆನ್ನೆ ಸುಟ್ಟುಕೊಂಡು ಪಾಪ ತೊಳೆದುಕೊಳ್ಳಲು ಹೊರಟ ಮಹಾತ್ಮ! ಅಲ್ಲಿ ಗಜೇಂದ್ರಗಡದಲ್ಲಿ ಕೂಲಿಯ ಹೆಂಗಸು ಅಡಿವೆವ್ವನ ಬಲಗೈ ಮಣಿಕಟ್ಟಿಗೇ ಮುಗಿದುಹೋಗಿದೆ, ಇಲ್ಲಿ ಇವನಿಗೆ ಸುಣ್ಣದ ಉರಿಯ ಚಿಂತೆ. ಒಲೆಯ ಮುಂದೆ ಕೂತಿದ್ದ ಹೆಂಡತಿ ಫಕೀರವ್ವ ತಿರುಗದೆಯೇ, "ನಿನ್ನಿ ಮೀಟಿಂಗ್ ಏನಾತ್ರಿ?" ಎಂದಳು. ಮಲಗುವಾಗಲೂ ಕೇಳಿದ್ದಳು, ಆಗ ನಿದ್ದೆ ಹತ್ತಿದವನಂತೆ ಗೋಡೆಯ ಕಡೆ ಹೊರಳಿದ್ದ. "ಆತು," ಎಂದ. "ಆತು ಅಂದ್ರ? ಆ ಹೆಣ್ಣಮಕ್ಕಳ ಕೆಲಸ ಆತೋ ಇಲ್ಲೋ?" "ರೊಟ್ಟಿ ಕಟ್ಟಿ ಕೊಡು. ಬಸ್ಸಿಗೆ ಹೊತ್ತಾತು," ಎಂದ. ಅವಳು ಒಮ್ಮೆ ಅವನ ಮುಖ ನೋಡಿದಳು, ಆಮೇಲೆ ರೊಟ್ಟಿ ಕಟ್ಟಿದಳು.

ರವಿವಾರ, ಸಾಲೆಗೆ ರಜೆ. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಿಟಕಿಗೆ ಗಾಜಿರಲಿಲ್ಲ, ಎರೆಹೊಲದ ಬಿಸಿಗಾಳಿ ನೇರವಾಗಿ ಮುಖಕ್ಕೆ ಬಡಿಯುತ್ತಿತ್ತು. ಹೋದ ಕೂಡಲೇ ಹೇಳಿಬಿಡಬೇಕು ಎಂದು ನಿಶ್ಚಯಿಸಿದ. ಹೊಸ್ತಿಲಲ್ಲೇ ನಿಂತು, ಕೂಡುವುದಕ್ಕೆ ಮೊದಲು, ಅವರು ಕೊಡುವ ನೀರು ಕುಡಿಯುವುದಕ್ಕೆ ಮೊದಲು. ಅಡಿವೆವ್ವಾ, ನಾ ಮಾತಾಡ್ಲಿಲ್ಲ. ಇಷ್ಟೇ ತಾನೇ? ಮತ್ತೊಮ್ಮೆ ಮನಸ್ಸಿನಲ್ಲೇ ಅಂದುಕೊಂಡ, ತುಟಿ ಅಲುಗಿತು. ಪಕ್ಕದಲ್ಲಿದ್ದ ಅಬ್ಬಿಗೇರಿಯ ರೈತ ಇವನ ತುಟಿಯನ್ನೇ ನೋಡಿ, ಮಂತ್ರ ಹೇಳಿಕೊಳ್ಳುತ್ತಿದ್ದಾನೆ ಎಂದುಕೊಂಡನೋ ಏನೋ, ಸ್ವಲ್ಪ ಸರಿದು ಕೂತ. ನಿನ್ನೆಯೂ ಹೀಗೇ, ನರಗುಂದದ ಬಸ್ಸಿನಲ್ಲಿ, ತುಟಿ ಅಲುಗಿಸುತ್ತಲೇ ಹೋಗಿದ್ದ. ಮಾನ್ಯ ಅಧ್ಯಕ್ಷರೇ, ನನ್ನದೊಂದು ವಿನಂತಿ. ಎಷ್ಟು ಚೆಂದ ಬಾಯಿಪಾಠವಾಗಿತ್ತು! ಏಳನೇ ಇಯತ್ತೆಯ ಹುಡುಗರಿಗೆ ಪದ್ಯ ಹೇಳಿಸುವವನು, ತನ್ನ ಪದ್ಯ ತಾನು ನುಂಗಿ ಬಂದ.

ನಿನ್ನೆಯ ಮೀಟಿಂಗು ಓದುವ ಹುಡುಗರ ನಿಧಿಯದು, ಅದಕ್ಕೆ ಜನ ಕೊಟ್ಟ ಹೆಸರು ಮುಷ್ಟಿ ಫಂಡು. ನರಗುಂದ, ರೋಣ, ಗಜೇಂದ್ರಗಡ, ನಡುವಿನ ಸವಡಿ, ಸೂಡಿ, ಎಲ್ಲ ಊರಿನ ಮನೆಗಳಲ್ಲೂ ಬೀಸುವ ಕಲ್ಲಿನ ಪಕ್ಕ ಒಂದು ಸಣ್ಣ ಗಡಿಗೆ ಇರುತ್ತದೆ. ಹೆಂಗಸರು ಬೆಳಿಗ್ಗೆ ಬೀಸಲು ಕೂಡುವ ಮೊದಲು ಒಂದು ಮುಷ್ಟಿ ಜೋಳ ಅದಕ್ಕೆ ಹಾಕಬೇಕು, ಆಮೇಲೇ ಕಲ್ಲಿಗೆ. ವರ್ಷಕ್ಕೊಮ್ಮೆ ಗಾಡಿ ಬಂದು ಗಡಿಗೆ ಬರಿದು ಮಾಡಿಕೊಂಡು ಹೋಗುತ್ತದೆ. ಆ ಜೋಳ ಮಾರಿ ಬಂದ ಗಂಟಿನಿಂದ ಈ ಕಡೆಯ ಹುಡುಗರು ಧಾರವಾಡಕ್ಕೆ ಹೋಗಿ ಓದುತ್ತಾರೆ. ಮಲ್ಲೇಶಪ್ಪ ಬಿ.ಎ. ಓದಿದ್ದು ಆ ಜೋಳದಿಂದ. ಧಾರವಾಡದಲ್ಲಿ ಯುನಿವರ್ಸಿಟಿಯೇ ಆದ ಮೇಲೆ ಓದುವ ಹುಡುಗರು ಹೆಚ್ಚಾದರು, ಬ್ಯಾಂಕಿನ ಬಡ್ಡಿ ಸಾಲದಾಯಿತು. ನಿಧಿ ನಡೆಸುವ ಪಂಚರು ಗಂಟಿನ ದೊಡ್ಡ ಪಾಲನ್ನು ಗಜೇಂದ್ರಗಡದಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಹಾಕಿದರು. ಜಿನ್ನು ಒಳ್ಳೆಯ ಲಾಭ ಕೊಟ್ಟಿತು. ಮೂವರು ಓದುತ್ತಿದ್ದಲ್ಲಿ ಎಂಟು ಜನ ಓದತೊಡಗಿದರು. ಎಂಟನೆಯವನು ಮಲ್ಲೇಶಪ್ಪನ ತಮ್ಮ ಪರಶಪ್ಪ. ಹೋದ ಸುಗ್ಗಿಯಲ್ಲಿ ಅದೇ ಜಿನ್ನಿನಲ್ಲಿ, ಮಶೀನು ತಿರುಗಿಸುವ, ತೆರೆದುಬಿಟ್ಟಿದ್ದ ಪಟ್ಟಾಕ್ಕೆ ಸೆರಗು ಸಿಕ್ಕು, ಸೆರಗು ಬಿಡಿಸಲು ಹೋದ ಅಡಿವೆವ್ವನ ಕೈ ಹೋಯಿತು. ಅದಕ್ಕೂ ಹಿಂದಿನ ವರ್ಷ ಇನ್ನೊಬ್ಬಳ ಎರಡು ಬೆರಳು ಹೋಗಿದ್ದವಂತೆ, ಅದು ಯಾರಿಗೂ ನೆನಪೇ ಇರಲಿಲ್ಲ.

ನಿಧಿಯ ವರದಿ ಓದಿ ಇದನ್ನು ಮೊದಲು ಕಂಡುಹಿಡಿದವನು ನರಗುಂದದ ಸಾಲೆಯಲ್ಲಿ ಗಣಿತ ಕಲಿಸುವ ಹೇಮಪ್ಪ. "ಲೇ ಮಲ್ಲೇಶಿ, ನಮ್ಮವ್ವಗೋಳು ಹಾಕಿದ ಜೋಳಾನ ಅವರ ಕೈ ತಿನ್ನಾಕತ್ತೈತಲ್ಲೋ," ಎಂದು ಒಂದು ದಿನ ರೋಣಕ್ಕೇ ಬಂದುಬಿಟ್ಟಿದ್ದ. ಎಂಟು ತಿಂಗಳು ಇಬ್ಬರೂ ಓಡಾಡಿದರು. ಪಂಚರ ಮನೆ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತು ಕಾದರು. ಕೇಳಿದ್ದು ದೊಡ್ಡದೇನಲ್ಲ: ಪಟ್ಟಾಗಳಿಗೆ ಕಬ್ಬಿಣದ ಜಾಳಿಗೆ ಹಾಕಿಸಲಿ, ಕಸ ತೆಗೆಯುವಾಗ ಮಶೀನು ನಿಲ್ಲಿಸಲಿ, ಇಲ್ಲವಾದರೆ ನಿಧಿ ತನ್ನ ಪಾಲು ಹಿಂದಕ್ಕೆ ತೆಗೆದುಕೊಳ್ಳಲಿ. ಅಷ್ಟು ಪಾಲು ಹೋದರೆ ಜಿನ್ನೇ ಅಲುಗಾಡುತ್ತದೆ, ಅದರ ಸಾಹುಕಾರ ಕೇಳಲೇಬೇಕು. ಒಬ್ಬ ಪಂಚ ನಕ್ಕಿದ್ದ: "ಮಾಸ್ತರ್ರ, ರೊಕ್ಕಕ್ಕ ಕಣ್ಣ ಇರ್ತಾವೇನ್ರಿ?" ಹೇಮಪ್ಪ ಥಟ್ಟನೆ, "ರೊಕ್ಕಕ್ಕ ಇಲ್ಲ ಬಿಡ್ರಿ. ನಮಗ ಅದಾವಲ್ಲ?" ಎಂದಿದ್ದ. ಆ ದಿನ ಆ ಉತ್ತರ ತನಗೆ ಹೊಳೆಯಲಿಲ್ಲವಲ್ಲ ಎಂದು ಮಲ್ಲೇಶಪ್ಪನಿಗೆ ಹೊಟ್ಟೆಕಿಚ್ಚಾಗಿತ್ತು. ಅವನು ಪಂಚಮಂಡಳಿಯ ಸದಸ್ಯ, ಹೇಮಪ್ಪ ಬರೀ ನಡಾವಳಿ ಬರೆಯುವ ಕಾರಕೂನಿಕೆಗೆ ಬರುವವನು. ಮಾತಾಡುವ ಹಕ್ಕು ಇದ್ದದ್ದು ಇವನಿಗೆ.

ಬಸ್ಸು ಸೂಡಿಯಲ್ಲಿ ನಿಂತಿತು. ಬುಟ್ಟಿ ಹೊತ್ತ ಇಬ್ಬರು ಹೆಂಗಸರು ಹತ್ತಿದರು. ಒಬ್ಬಳು ಇವನನ್ನು ಗುರುತಿಸಿ ಇನ್ನೊಬ್ಬಳಿಗೆ, "ಇವರ ನೋಡವಾ, ನಮ್ಮ ಕೈ ಉಳಸಾಕ ಅಡ್ಯಾಡೋ ಮಾಸ್ತರ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಆಮೇಲೆ ಬುಟ್ಟಿಯಿಂದ ಹುರಿದ ಶೇಂಗಾ ತೆಗೆದು, "ತಗೋರಿ, ಹಾದ್ಯಾಗ ತಿನ್ರಿ," ಎಂದು ಕೈಚಾಚಿದಳು. ಬೇಡವೆನ್ನಬೇಕು ಎಂದು ಯೋಚಿಸುವಷ್ಟರಲ್ಲಿ ಅವನ ಅಂಗೈ ತಾನಾಗಿ ಮುಂದೆ ಬಂದಿತ್ತು. ಹಾಳು ಕೈ. ಕೊಟ್ಟದ್ದನ್ನು ತೆಗೆದುಕೊಳ್ಳುವುದೊಂದೇ ಇದಕ್ಕೆ ಗೊತ್ತು. ಶೇಂಗಾ ತಿನ್ನಲಾಗದೆ, ಚೆಲ್ಲಲಾಗದೆ ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತ.

ನಿನ್ನೆ ಆದದ್ದೂ ಇಷ್ಟೇ. ಅಧ್ಯಕ್ಷ ಪ್ರಭುಲಿಂಗಪ್ಪನವರ ಮೀಟಿಂಗಿನಲ್ಲಿ ಕೈ ಎತ್ತಿಸುವ ಪದ್ಧತಿ ಇಲ್ಲ. ಕೈ ಎತ್ತಿಸಿದರೆ ಸೋತವನಿಗೆ ಅಪಮಾನವಾಗುತ್ತದೆ ಎನ್ನುತ್ತಾರೆ ಅವರು. ವಿಷಯ ಓದಿದ ಮೇಲೆ ತಾವೇ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ, ಒಬ್ಬೊಬ್ಬರ ಮುಂದೆ ಬಂದು ಕೊಡುತ್ತಾರೆ. ಎಲೆ ಹಿಡಿದರೆ ಒಪ್ಪಿದ ಹಾಗೆ. ಒಪ್ಪದವನು ಕೈ ಹಿಂದಕ್ಕೆ ಇಟ್ಟುಕೊಂಡು, "ಇರಲ್ರಿ ಅಪ್ಪಾರ, ಒಂದ ಮಾತ ಐತಿ," ಅನ್ನಬೇಕು. ಇದು ಪಂಚರಿಗೆಲ್ಲ ಗೊತ್ತು, ಮಲ್ಲೇಶಪ್ಪನಿಗೂ ಗೊತ್ತು. ಹೇಮಪ್ಪ ಹಿಂದಿನ ದಿನ ರೋಣಕ್ಕೆ ಬಂದು ಇವನನ್ನು ಎದುರಿಗೆ ಕೂಡಿಸಿ, ಒಣ ಎಲೆಯೊಂದನ್ನು ಚಾಚಿ ಚಾಚಿ ಅಭ್ಯಾಸ ಕೂಡ ಮಾಡಿಸಿದ್ದ. ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು. ಕಾರ್ಯದರ್ಶಿ ಓದಿದ: ಜಿನ್ನಿನಲ್ಲಿರುವ ಪಾಲನ್ನು ಇನ್ನು ಮೂರು ವರ್ಷ ಇದ್ದ ಹಾಗೇ ಮುಂದುವರಿಸುವುದು. ಪ್ರಭುಲಿಂಗಪ್ಪ ಎದ್ದರು. ಎಪ್ಪತ್ತರ ಮುದುಕ, ಕೈ ಸಣ್ಣಗೆ ನಡುಗುತ್ತದೆ. ಮೀಟಿಂಗಿಗೆ ಮೊದಲು ಇವನ ಹೆಗಲ ಮೇಲೆ ಕೈಯಿಟ್ಟು, "ತಮ್ಮ ಪರಶಪ್ಪ ಹ್ಯಾಂಗ ಓದಾಕತ್ತಾನಪಾ?" ಎಂದು ಕೇಳಿದ್ದರು. ಅಕ್ಕರೆಯಿಂದ ಕೇಳಿದರೋ, ಎಚ್ಚರಿಕೆ ಕೊಟ್ಟರೋ? ಅಕ್ಕರೆಯೇ ಇರಬೇಕು. ಜಾಳಿಗೆಯ ಮಾತು ತೆಗೆದು ಹೋದ ತಿಂಗಳು ಅವರ ಮನೆಗೆ ಹೋದಾಗ ಅವರು ಸಿಟ್ಟಾಗಿರಲಿಲ್ಲ. "ಮಲ್ಲೇಶಪ್ಪ, ಪಾಲು ತಗದ್ರ ಎಂಟರಾಗ ಐದು ಹುಡುಗರನ್ನ ಮನಿಗೆ ಕಳಸಬೇಕು. ಯಾರ್ಯಾರನ್ನ ಕಳಸ್ಲಿ ನೀನ ಹೇಳು," ಎಂದು ನಿಜವಾಗಿ ಕಣ್ಣಲ್ಲಿ ನೀರು ತಂದುಕೊಂಡು ಕೇಳಿದ್ದರು.

ಆ ನಡುಗುವ ಕೈ ಎಲೆ ಹಿಡಿದು ಇವನ ಮುಂದೆ ಬಂತು. ಹಿರಿಯರು ಏನು ಕೊಟ್ಟರೂ ಎಡಗೈಯನ್ನು ಬಲಮೊಣಕೈಗೆ ಹಚ್ಚಿ ತೆಗೆದುಕೊಳ್ಳಬೇಕು ಎಂದು ಅವ್ವ ತಿಪ್ಪವ್ವ ಚಿಕ್ಕಂದಿನಲ್ಲೇ ಬೆನ್ನಿಗೆ ಗುದ್ದಿ ಕಲಿಸಿದ್ದಳು. ಇವನು ಎಡಗೈ ಬಲಮೊಣಕೈಗೆ ಹಚ್ಚಿದ, ಎಲೆ ಹಿಡಿದ, ಕಣ್ಣಿಗೊತ್ತಿಕೊಂಡ. ಆಮೇಲೆ ಗೊತ್ತಾಯಿತು. ಮೂಲೆಯಲ್ಲಿ ಬರೆಯುತ್ತಿದ್ದ ಹೇಮಪ್ಪ ತಲೆ ಎತ್ತಿದ. ಇಲ್ಲಿಯವರೆಗೆ ತಪ್ಪು ಕೈಯದು, ಅಭ್ಯಾಸದ್ದು, ಅವ್ವನ ಗುದ್ದಿನದು. ಹಾಗೆಂದು ಯಾರ ಮುಂದೆಯಾದರೂ ಹೇಳಬಹುದು. ಆದರೆ ಎಲೆ ಇನ್ನೂ ಅವನ ಕೈಯಲ್ಲೇ ಇತ್ತು. ತಿರುಗಿ ತಾಟಿನಲ್ಲಿ ಇಟ್ಟು, "ತಪ್ಪಾತ್ರಿ ಅಪ್ಪಾರ," ಎಂದರೆ ಮುಗಿಯುತ್ತಿತ್ತು. ಮುದುಕ ಮುಂದಿನವನಿಗೆ ಕೊಟ್ಟು, ಅದರ ಮುಂದಿನವನಿಗೆ ಕೊಟ್ಟು, ಆರು ಜನರನ್ನು ದಾಟುವವರೆಗೂ ಹೊತ್ತಿತ್ತು. ಆರು ಜನ! ಎಲ್ಲರ ದವಡೆಗಳೂ ಆಡುತ್ತಿದ್ದವು. ತನ್ನೊಬ್ಬನ ದವಡೆ ಸುಮ್ಮನಿರುವುದು ಎದ್ದು ಕಾಣುತ್ತದೆ ಅನ್ನಿಸಿತು. ಪರಶಪ್ಪನ ನೆನಪು ಆಗ ಬಂತೇ? ಬಂದಿರಬೇಕು. ಬರಲಿಲ್ಲ ಎಂದು ಆಣೆ ಮಾಡಿ ಹೇಳಲಾರ. ಎಲೆಯನ್ನು ಬಾಯಿಗೆ ಹಾಕಿಕೊಂಡ. ಕಾರ್ಯದರ್ಶಿ ದೊಡ್ಡ ದನಿಯಲ್ಲಿ, "ಸರ್ವಾನುಮತ," ಎಂದ. ಆ ಶಬ್ದವನ್ನು ಬರೆದುಕೊಳ್ಳಬೇಕಾದವನು ಹೇಮಪ್ಪ. ಅವನ ಟಾಕು ದೌತಿಯ ಮಸಿಯಲ್ಲಿ ಬಹಳ ಹೊತ್ತು ನಿಂತಿತ್ತು.

ಮೀಟಿಂಗ್ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನವರೆಗೆ ಹೇಮಪ್ಪ ಜೊತೆಗೇ ನಡೆದ. ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು! ಬಸ್ಸು ಬಂದಾಗ ಮಾತ್ರ, "ಎಲಿ ಚಲೋ ಇತ್ತೇನೋ?" ಎಂದು ಕೇಳಿದ. ಮಲ್ಲೇಶಪ್ಪ, "ಹೇಮಪ್ಪಾ, ಕೈ ತಾನ ಮುಂದ ಹೋತೋ, ಖರೇ ಹೇಳ್ತೇನಿ," ಎಂದ. "ಕೈ ಹೋತು, ಒಪ್ಪಿದೆ. ಬಾಯಿ ಯಾರದೋ?" ಎಂದು ಹೇಮಪ್ಪ ತಿರುಗಿ ಹೊರಟುಹೋದ. ಬಸ್ಸು ಹೊರಟ ಮೇಲೂ ಮಲ್ಲೇಶಪ್ಪ ಅವನ ಬೆನ್ನನ್ನೇ ನೋಡುತ್ತಿದ್ದ. ಅಂಗಿಯ ಬೆನ್ನಿಗೆ ಬೆವರಿನ ಕಲೆ ಹರಡಿತ್ತು. ಈಗ ಈ ಬಸ್ಸಿನಲ್ಲೂ ಅದೇ ಬೆನ್ನು ಕಣ್ಣೆದುರು. ಯಾರೋ, "ಗಜೇಂದ್ರಗಡ ಬಂತು, ಇಳೀರಿ," ಎಂದು ಭುಜ ಅಲುಗಿಸಿದರು.

ಅಡಿವೆವ್ವನ ಮನೆ ಜಿನ್ನಿನ ಹಿಂಭಾಗದ ಓಣಿಯಲ್ಲಿ. ಹಾದಿಯುದ್ದಕ್ಕೂ ಜಾಲಿಕಂಟಿಗೆ ಅರಳೆಯ ಎಳೆಗಳು ಸಿಕ್ಕಿಕೊಂಡಿದ್ದವು. ಕಳೆದ ತಿಂಗಳು ಮನವಿ ಹಿಡಿದು ಇದೇ ಓಣಿಯಲ್ಲಿ ಮನೆಮನೆ ತಿರುಗಿದ್ದ. ಹೆಂಗಸರೆಲ್ಲ ಹೆಬ್ಬೆಟ್ಟು ಒತ್ತಿದರು. ಅಡಿವೆವ್ವ ಎಡಗೈಯ ಹೆಬ್ಬೆಟ್ಟು ಒತ್ತಿ, "ಇದೊಂದರ ಉಳದೈತಲ್ರಿ," ಎಂದು ನಕ್ಕಿದ್ದಳು. ಆಮೇಲೆ ದನಿ ತಗ್ಗಿಸಿ, ಏನೋ ದೊಡ್ಡ ತಪ್ಪು ಮಾಡಿದವಳ ಹಾಗೆ, "ಮಾಸ್ತರ್ರ, ಈಗ ಫಂಡಿನ ಗಡಿಗಿಗೆ ಎಡಗೈಲೆ ಜ್ವಾಳ ಹಾಕ್ತೇನ್ರಿ. ನಡಿತೈತಲ್ರಿ? ಹುಡುಗರ ವಿದ್ಯಾಕ್ಕ ಏನ ಕೆಡಕ ಆಗಂಗಿಲ್ಲಲ್ಲ?" ಎಂದು ಕೇಳಿದ್ದಳು. ಆಗ ಇವನು ಅಳು ತಡೆದುಕೊಂಡು, "ನಡಿತೈತವಾ," ಎಂದಿದ್ದ. ಆ ಅಳು ಬಂದದ್ದಕ್ಕೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಥೂ!

ಹೊಸ್ತಿಲಲ್ಲೇ ನಿಂತ. ಅಡಿವೆವ್ವ ಒಳಗಿನಿಂದ, "ಬರ್ರಿ ಬರ್ರಿ, ಕಳಕವ್ವಾ, ಚಾಪಿ ಹಾಸವಾ, ಮಾಸ್ತರ ಬಂದ್ರು," ಎಂದಳು. ಹದಿನೇಳರ ಮಗಳು ಕಳಕವ್ವ ಚಾಪೆ ಹಾಸಿದಳು. ಹೇಳಲೆಂದು ಬಾಯಿ ತೆರೆದ. ಅಷ್ಟರಲ್ಲಿ ಅಡಿವೆವ್ವ ತಂಬಿಗೆ ಚಾಚಿ, "ಎಡಗೈಲೆ ಕೊಡಾಕತ್ತೇನಿ, ತಪ್ಪ ತಿಳ್ಕೋಬ್ಯಾಡ್ರಿ ಯಪ್ಪಾ," ಎಂದಳು. ತೆಗೆದುಕೊಳ್ಳದಿದ್ದರೆ ಎಡಗೈಗೆ ಬೇಸರಿಸಿದ ಎಂದುಕೊಳ್ಳುತ್ತಾಳೆ. ತೆಗೆದುಕೊಂಡ. ಕುಡಿದ. ಕೂತ. ಅವಳೂ ಎದುರಿಗೆ ಕೂತು ನಿಧಾನವಾಗಿ ಹೇಳಿದಳು: ಜಿನ್ನಿನಲ್ಲಿ ಹತ್ತಿ ಗುಡ್ಡೆ ಬಿದ್ದಿದೆ, ಕೂಲಿಯಾಳುಗಳ ಮುಕಾದಮ ಕನಕಪ್ಪ ಕಳಕವ್ವನನ್ನು ಪಟ್ಟಾದ ಕಡೆಗೇ ಕರೆಯುತ್ತಿದ್ದಾನೆ. ಎಂಟು ದಿನದಿಂದ ತಾನು ಕಳಿಸಿಲ್ಲ. "ಮಾಸ್ತರ ನರಗುಂದದಿಂದ ಸುದ್ದಿ ತರ್ತಾರ, ಜಾಳಿಗಿ ಹಾಕ್ತಾರಂದ್ರ ಕಳಸ್ತೇನಿ, ಇಲ್ಲಂದ್ರ ಉಪಾಸ ಬಿದ್ದರೂ ಕಳಸಂಗಿಲ್ಲ ಅಂದೇನ್ರಿ. ಇವತ್ತ ಮಧ್ಯಾನ್ನ ಬರದಿದ್ರ ಬ್ಯಾರೇದಾಕಿನ್ನ ಹಚ್ಚತೇನಿ ಅಂದಾನ. ಏನಾತ್ರಿ?"

ತಾಯಿ ಮಗಳು ಇಬ್ಬರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಅಡಿವೆವ್ವಾ, ನಾ ಮಾತಾಡ್ಲಿಲ್ಲ. ಇಷ್ಟೇ. ಅವಳ ಕಣ್ಣಿನಲ್ಲಿ ಅಷ್ಟೊಂದು ಭರವಸೆ ಇಲ್ಲದಿದ್ದರೆ ಹೇಳಿಬಿಡುತ್ತಿದ್ದನೇನೋ. ಅಥವಾ ಅದೂ ಒಂದು ನೆಪವೇ? "ಆತವಾ," ಎಂಬ ತನ್ನ ದನಿ ಕೇಳಿಸಿತು. "ಎಲ್ಲಾರೂ ಒಪ್ಪಿದ್ರು. ಬರೋ ವಾರದಾಗ ಜಾಳಿಗಿ ಹಾಕ್ತಾರ." ಹೇಳಿದ ಮೇಲೆ ಒಂದು ಗಳಿಗೆ ಮನಸ್ಸು ಹಗುರವಾಯಿತು, ನಿಜಕ್ಕೂ ಹಾಗೇ ಆಗಿದೆ ಎನ್ನುವಷ್ಟು ಹಗುರ. ಪತ್ರ ಬರೆದರಾಯಿತು, ಪ್ರಭುಲಿಂಗಪ್ಪನವರ ಕಾಲು ಹಿಡಿದರಾಯಿತು, ಒಂದು ವಾರದಲ್ಲಿ ಹೇಗಾದರೂ ಮಾಡಿಸಿಯೇಬಿಡುತ್ತೇನೆ. ಅಡಿವೆವ್ವ ಇವನ ಮುಖವನ್ನು ನೋಡಿದಳು, ಆಮೇಲೆ ನೆಲ ನೋಡಿದಳು. "ಭಾಳ ಚಲೋ ಆತು ಬಿಡ್ರಿ. ನೀವು ಅಡ್ಯಾಡಿದ್ದಕ್ಕೂ ಸಾರ್ಥಕ ಆತು," ಎಂದಳು. ಮತ್ತೆ ಮಗಳ ಕಡೆ ತಿರುಗಿ, "ಹೋಗವಾ ನೀ. ಮಾಸ್ತರ ಹೇಳ್ಯಾರಲ್ಲ. ಸೆರಗ ಬಿಗಿಯಾಗಿ ಸಿಗಿಸ್ಕೋ," ಎಂದಳು. ಕಳಕವ್ವ ತಾಯಿಯನ್ನು ನೋಡಿ, ಇವನನ್ನು ನೋಡಿ, ಸೆರಗನ್ನು ಟೊಂಕಕ್ಕೆ ಸಿಗಿಸಿಕೊಂಡು, ತಲೆಗೆ ಅರಿವೆ ಸುತ್ತಿ ಹೊರಗೆ ಹೋದಳು.

"ರೊಟ್ಟಿ ತಿಂದು ಹೋಗ್ರಿ," ಎಂದು ಅಡಿವೆವ್ವ ಎದ್ದು ಒಂದೇ ಕೈಯಿಂದ ಡಬ್ಬಿಯ ಮುಚ್ಚಳ ತೆಗೆಯತೊಡಗಿದಳು. ಡಬ್ಬಿಯನ್ನು ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದಿದ್ದಳು. ಮುಚ್ಚಳ ಬರಲಿಲ್ಲ. ಇನ್ನೊಮ್ಮೆ ಎಳೆದಳು. ಅವಳಿಗೆ ಕೈಹಚ್ಚಬೇಕೆಂದು ಎದ್ದವನು ಬಾಗಿಲು ದಾಟಿ ಓಣಿಯಲ್ಲಿ ಓಡುತ್ತಿದ್ದ. ಚಪ್ಪಲಿ ಅಲ್ಲೇ ಉಳಿದವು. ಓಣಿಯ ಕಲ್ಲು ಕಾದಿದ್ದವು. ಜಿನ್ನಿನ ಭೋಂಗಾ ಕೂಗಿತು. ಗೇಟಿನ ಮುಂದೆ ಹೆಂಗಸರ ಸಾಲು ಇತ್ತು, ಕಳಕವ್ವ ತುದಿಯಲ್ಲಿದ್ದಳು. "ಕಳಕವ್ವಾ, ನಿಂದರು!" ಎಂದು ಅವನು ಕೂಗಿದ, ಸಾಲೆಯಲ್ಲಿ ಕೂಡ ಅಷ್ಟು ಜೋರಾಗಿ ಕೂಗಿದವನಲ್ಲ. ಎಲ್ಲರೂ ತಿರುಗಿದರು. "ಜಾಳಿಗಿ ಇಲ್ಲ. ಯಾರೂ ಹಾಕಂಗಿಲ್ಲ. ನಾ ಸುಳ್ಳ ಹೇಳಿದೆ. ನಾ ಅಲ್ಲಿ ಮಾತಾಡ್ಲೇ ಇಲ್ಲ, ಎಲಿ ತಿಂದು ಸುಮ್ಮನ ಕುಂತೆ." ಗೇಟಿನಲ್ಲಿ ನಿಂತಿದ್ದ ಕನಕಪ್ಪ ಮಿಕಿಮಿಕಿ ನೋಡಿದ.

ಕಳಕವ್ವ ಬೆಚ್ಚಲಿಲ್ಲ. ಹತ್ತಿರ ಬಂದು, ದೊಡ್ಡವರಿಗೆ ಸಮಾಧಾನ ಹೇಳುವ ದನಿಯಲ್ಲಿ, "ಗೊತ್ತೈತ್ರಿ," ಎಂದಳು. "ಏನ ಗೊತ್ತೈತಿ?" "ಆಗಿಲ್ಲಂತ. ನಿಮ್ಮ ಮಾರಿ ನೋಡಿದ ಕೂಡ್ಲೆ ಅವ್ವಗ ಗೊತ್ತಾತು, ನನಗೂ ಗೊತ್ತಾತು." ಅವನಿಗೆ ಅರ್ಥವಾಗಲಿಲ್ಲ. "ಗೊತ್ತಿದ್ದೂ ಬಂದೆಲ್ಲವಾ?" ಎಂದ. "ಮತ್ತ ನೀವು ಹೇಳಿದ್ರಲ್ರಿ. ಅಷ್ಟ ದೂರದಿಂದ ಮನಿಗೆ ಬಂದು ಹೇಳಿದವರನ್ನ ಎದುರಿಗೆ ಕುಂತು ಸುಳ್ಳ ಅನ್ನಾಕ ಆಗ್ತೈತೇನ್ರಿ? ನಾ ಹೋಗದಿದ್ರ ಹಂಗ ಅಂದಂಗ ಆಗ್ತಿತ್ತು." ಅವಳ ಮುಖದಲ್ಲಿ ಕೊಂಕು ಇರಲಿಲ್ಲ. ಹೇಮಪ್ಪನ ಹಾಗೆ ಕೊಂಕಾಗಿ ಕೇಳಿದ್ದರೆ ಹೇಗಾದರೂ ತಡೆದುಕೊಳ್ಳುತ್ತಿದ್ದ. ಕಾಲು ಸುಡುತ್ತಿದ್ದವು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತ.

"ಈಗ ಹೇಳ್ರಿ," ಎಂದಳು ಕಳಕವ್ವ. "ಒಳಗ ಹೋಗ್ಲೋ, ಮನಿಗೆ ಹೋಗ್ಲೋ?"

"ಮನಿಗೆ ಹೋಗವಾ. ಕೈ ಮುಗಿತೇನಿ, ಮನಿಗೆ ಹೋಗು. ಜಾಳಿಗಿ ಆಗೋತನಾ ನಿಮ್ಮ ಮನಿ ಹೊಟ್ಟಿ ಹೊಣಿ ನಂದು," ಎಂದ. ಅವಳು ನಂಬಿದಳೋ ಇಲ್ಲವೋ, ತಲೆಯ ಅರಿವೆ ಬಿಚ್ಚಿ ಕೊಡವಿ, ಓಣಿಯ ಕಡೆ ತಿರುಗಿ ನಡೆದಳು. ಅವಳು ಮನೆಯ ತಿರುವು ದಾಟುವವರೆಗೆ ನೋಡಿದ. ಎರಡು ದಿನದಲ್ಲಿ ಮೊದಲ ಸಲ ಎದೆ ತುಂಬಾ ಉಸಿರು ತೆಗೆದುಕೊಂಡ. ಒಂದಾದರೂ ಕೆಲಸ ಮಾಡಿದೆ. ಹೇಮಪ್ಪನಿಗೆ ಇದನ್ನು ಹೇಳಬೇಕು.

"ಪಟ್ಟಾದ ಕಡೆ ಒಂದಾಳು ಕಡಿಮಿ ಬಿತ್ತು. ಯಾರ ಬರ್ತೀರಿ? ಲಗೂ!" ಎಂದು ಕನಕಪ್ಪ ಕೂಗಿದ. ಗೋಡೆಯ ನೆರಳಿನಲ್ಲಿ ಕೂಲಿ ಸಿಕ್ಕೀತೆಂದು ಕಾಯುತ್ತ ಕೂತಿದ್ದವರಲ್ಲಿ ಒಬ್ಬಳು ದಡಬಡಿಸಿ ಎದ್ದಳು. ಕಳಕವ್ವನಿಗಿಂತ ಚಿಕ್ಕವಳು, ತೆಳ್ಳಗೆ. ಪಕ್ಕದವಳು, "ಹೋಗ ಗುಡ್ಡವ್ವಾ, ಹೋಗು, ನಿನ್ನ ದೈವ ತೆರೀತು," ಎಂದು ಅವಳ ಬೆನ್ನು ತಳ್ಳಿದಳು. ಗುಡ್ಡವ್ವ ಗೇಟಿನ ಕಡೆ ಓಡಿದವಳು ಮಲ್ಲೇಶಪ್ಪನ ಮುಂದೆ ಗಕ್ಕನೆ ನಿಂತಳು. "ಹದಿನೈದ ದಿನದಿಂದ ಬಾಗಲದಾಗ ಕುಂತಿದ್ದೆರಿ ಮಾಸ್ತರ್ರ. ನಿಮ್ಮಿಂದ ಪಾಳಿ ಸಿಕ್ತು. ನಿಮಗ ಪುಣ್ಯಾ ಬರ್ಲಿ," ಎಂದಳು. ಅವನು ಬಾಯಿ ತೆರೆಯುವುದರೊಳಗೆ ಬಾಗಿ, ಎರಡೂ ಕೈಯಿಂದ ಅವನ ಪಾದ ಮುಟ್ಟಿ, ಒಳಗೆ ಓಡಿದಳು.